ಕೀಲಿ ಅಕ್ಕಲಕೋಟದಾಗ ಐತಿ

ಗಾಡಿಯ ಗೇರು ರಿವರ್ಸ್‌ನಲ್ಲಿತ್ತು. ಮೊದಲ ದಿನ ನಾನು ಅದಕ್ಕೆ ಗಮನ ಕೊಡಲಿಲ್ಲ. ಸೊಲ್ಲಾಪುರದ ನಮ್ಮ ಮನೆಯ ಹಿಂದೆ, ಒಂದು ಕಾಲಕ್ಕೆ ಟವೆಲ್ ಗಂಟು ಒಟ್ಟುತ್ತಿದ್ದ ತಗಡಿನ ಶೆಡ್ಡಿನಲ್ಲಿ ನಲವತ್ತು ವರ್ಷ ನಿಂತ ಗಾಡಿ ಯಾವ ಗೇರಿನಲ್ಲಿದ್ದರೇನು? ಟಾರ್ಪಾಲು ಎಳೆದು ಹಾಕಿದೆ, ಇಲಿ ಕಡಿದ ನಾರು ಗುಡಿಸಿದೆ, ಗೇರನ್ನು ನ್ಯೂಟ್ರಲ್‌ಗೆ ತಂದೆ. ಚಾಲಕನ ಸೀಟು ಸ್ಟೇರಿಂಗಿಗೆ ಮುತ್ತು ಕೊಡುವಷ್ಟು ಮುಂದಿತ್ತು. ಅದರ ಹಳಿ ತುಕ್ಕು ಹಿಡಿದಿರುತ್ತದೆ, ಸುತ್ತಿಗೆ ಬೇಕಾಗುತ್ತದೆ ಅಂದುಕೊಂಡು ಎಳೆದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹಿಂದಕ್ಕೆ ಸರಿಯಿತು. ಮರುದಿನ ಹೋಗಿ ನೋಡಿದರೆ ಸೀಟು ಮತ್ತೆ ಮುಂದೆ, ಗೇರು ಮತ್ತೆ ರಿವರ್ಸ್‌ನಲ್ಲಿ.

ನಾನು ಹೆದರುವ ಜಾತಿಯವನಲ್ಲ, ಸಿಟ್ಟಿಗೇಳುವ ಜಾತಿಯವನು. ಮನೆಯಲ್ಲಿ ಕಂಡವರನ್ನೆಲ್ಲ ಬೈದೆ. ಗಾಡಿಗೆ ಕೈ ಹಚ್ಚಿದವರ ಕೈ ಮುರಿಯುತ್ತೇನೆ ಅಂದೆ. ಯಾರೂ ಒಪ್ಪಿಕೊಳ್ಳಲಿಲ್ಲ. ಮೂರನೆಯ ದಿನವೂ ಹಾಗೇ ಇತ್ತು.

ಅದು ಕಾಕಾನ ಗಾಡಿ. ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ನಮ್ಮದು ಮೂರು ತಲೆಮಾರಿನ ಬಟ್ಟೆ ವ್ಯಾಪಾರದ ಮನೆ. ಕಾರು ಅಂದರೆ ಏಳು ಜನ ಕೂತು, ಡಿಕ್ಕಿಯಲ್ಲಿ ಎರಡು ಗಂಟು ಹಾಕುವ ವಸ್ತು ಎಂದು ನಂಬಿದ ಜನ. ಅಂಥ ಮನೆಗೆ ಕಾಕಾ ಮುಂಬೈಯಿಂದ ಎರಡೇ ಸೀಟಿನ, ಉದ್ದ ಮೂತಿಯ ಜಪಾನಿ ಸ್ಪೋರ್ಟ್ಸ್ ಕಾರು ತಂದ. ಯಾರೋ ಪರದೇಶದ ಸಾಹೇಬ ತನ್ನ ಊರಿಗೆ ಮರಳುವಾಗ ಮಾರಿಹೋದದ್ದು. "ಇದರಾಗ ಯಾರ್ನ ಕೂಡ್ರಸ್ತಿ?" ಎಂದು ಅಜ್ಜ ಕೇಳಿದಾಗ ಕಾಕಾ ಬಾಗಿಲ ಮರೆಯಲ್ಲಿದ್ದ ಹೊಸ ಹೆಂಡತಿಯ ಕಡೆ ನೋಡಿ ನಕ್ಕನಂತೆ. ಪ್ರತಿ ಗುರುವಾರ ಮಧ್ಯಾಹ್ನ ಇಬ್ಬರೂ ಅಕ್ಕಲಕೋಟದ ಮಠಕ್ಕೆ ಹೋಗಿಬರುತ್ತಿದ್ದರು. ದೇವರ ಹೆಸರು ಮುಂದಿದ್ದರೆ ನಮ್ಮ ಅಜ್ಜಿ ಯಾವುದಕ್ಕೂ ಅಡ್ಡ ಬರುತ್ತಿರಲಿಲ್ಲ.

ಅಂಥ ಒಂದು ಗುರುವಾರ ದಾರಿಯಲ್ಲಿ ಕಾಕಾನಿಗೆ ಎದೆನೋವು ಬಂತು. ನಾನು ಆಗ ಎರಡನೇ ಇಯತ್ತೆಯಲ್ಲಿ ಓದುತ್ತಿದ್ದ ಹುಡುಗ. ಮನೆಯಲ್ಲಿ ಹೇಳುತ್ತ ಬಂದ ಕತೆ ಇಷ್ಟು: ಒಂದು ಕೈಯಲ್ಲಿ ಎದೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಗಾಡಿ ಓಡಿಸಿದ, ಹೆಂಡತಿಯನ್ನು ನಡುದಾರಿಯಲ್ಲಿ ಬಿಡದೆ ಅಕ್ಕಲಕೋಟ ಮುಟ್ಟಿಸಿದ, ಊರ ಬಾಯಲ್ಲಿ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಜೀವ ಬಿಟ್ಟ. "ಗಂಡಸು ಅಂದ್ರ ಅವಾ" ಎಂದು ಅಪ್ಪ ಬಂದವರಿಗೆಲ್ಲ ಹೇಳುವಾಗ ಕಾಕಾನ ಹೆಂಡತಿ, ನಮ್ಮ ಕಾಕೂ, ಎದ್ದು ಒಳಗೆ ಹೋಗುತ್ತಿದ್ದಳು. ನಾವು ಅದನ್ನು ದುಃಖ ಅಂದುಕೊಂಡೆವು. ಆ ಗಾಡಿಯನ್ನು ಮಾರಬಾರದು, ಮುಟ್ಟಬಾರದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದ್ದ.

ಅಪ್ಪ ತೀರಿ ವರ್ಷ ತುಂಬಿದ ಮೇಲೆ ಕಾಕೂ ನನ್ನನ್ನು ಕರೆದಳು. ಅವಳಿಗೆ ಈಗ ಎಪ್ಪತ್ತರ ಹತ್ತಿರ. ತವರು ಅಕ್ಕಲಕೋಟದ ಆಚೆಯ ತಡವಳ. ಈ ಮನೆಗೆ ಬಂದು ನಲವತ್ತು ವರ್ಷ ದಾಟಿದರೂ ಮಾತಿನಲ್ಲಿ ತಡವಳ ಬಿಟ್ಟಿಲ್ಲ.

"ತಮ್ಮಾ, ಆ ಗಾಡಿ ಚಾಲೂ ಮಾಡು. ಒಮ್ಮೆ ಕುಂಭಾರಿ ತನಕಾ ಹೋಗಿ ಹೊಳ್ಳಿ ಬರಬೇಕು."

"ಕುಂಭಾರಿಗೆ ಏನೈತಿ ಕಾಕೂ? ಅದ ರಸ್ತಾದಾಗ ಮುಂದ ಅಕ್ಕಲಕೋಟಕ್ಕ ಹೋಗೂಣು, ಮಠದ ದರ್ಶನಾನೂ ಆಕ್ಕೈತಿ."

"ಬ್ಯಾಡ. ಕುಂಭಾರಿಗೆ ಹೋಗಿ ಹೊಳ್ಳೂದು. ಲಗೂನ ಮಾಡು. ಈ ಕಾಲು ಇನ್ನೊಂದು ವರ್ಷ ಮಾತು ಕೇಳ್ತಾವ, ಆಮ್ಯಾಲೆ ಕೇಳಂಗಿಲ್ಲ."

ತಗ್ಗು ಸೀಟಿನಲ್ಲಿ ಹತ್ತಿ ಇಳಿಯುವ ಕಾಲಿನ ಮಾತು ಎಂದು ತಿಳಿದೆ. ಅವಳು ಯಾವತ್ತೂ ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ಆಗಲಿ ಅಂದೆ.

ಅಂಗಡಿ ಮುಚ್ಚಿದ ದಿನ ಹಳೆ ಸ್ಕೂಟರು ಬಿಚ್ಚಿ ಜೋಡಿಸಿ ನನಗೆ ಪಾನಾ ಹಿಡಿದು ರೂಢಿ. ಅದೇ ಸೊಕ್ಕಿನಲ್ಲಿ ಕೈಹಾಕಿದೆ. ಎಂಜಿನ್ನು ಕೆಟ್ಟಿರಲಿಲ್ಲ, ಬಿಗಿದುಕೊಂಡಿತ್ತು. ಎಣ್ಣೆ ಕುಡಿಸಿ ವಾರಗಟ್ಟಲೆ ಕಾದ ಮೇಲೆ ಸಡಿಲಾಯಿತು. ಆದರೆ ರಬ್ಬರು ಅನ್ನುವುದೆಲ್ಲ ಹಪ್ಪಳ. ಎರಡು ಕಾರ್ಬೊರೇಟರಿನ ಪರದೆಗಳು, ಬ್ರೇಕಿನ ವಾಶರುಗಳು, ಬಾಗಿಲ ಸುತ್ತಿನ ಪಟ್ಟಿ, ನೀರಿನ ಪಂಪು, ಯಾವುದೂ ಈ ದೇಶದಲ್ಲಿ ಸಿಗುವಂಥದ್ದಲ್ಲ. ಪುಣೆಯ ಜುನಾ ಬಜಾರಿನಲ್ಲಿ ಅಲೆದೆ, ಮುಂಬೈಯ ಗುಜರಿ ಗಲ್ಲಿಗಳಲ್ಲಿ ಮಂಡಿಯೂರಿದೆ. ಕನ್ನಡದಲ್ಲಿ ಬಂಗಾರ ಅಂದರೆ ಚಿನ್ನ, ಮರಾಠಿಯಲ್ಲಿ ಭಂಗಾರ ಅಂದರೆ ಗುಜರಿ. ಎರಡೂ ಭಾಷೆ ಬಲ್ಲ ನನಗೆ ಆ ದಿನಗಳಲ್ಲಿ ಎರಡರ ನಡುವೆ ವ್ಯತ್ಯಾಸ ಉಳಿದಿರಲಿಲ್ಲ.

ಕೊನೆಗೆ ಕೈಹಿಡಿದವನು ಜಪಾನಿನಲ್ಲಿ ಹಳೆ ಬಿಡಿಭಾಗ ಮಾರುವ ಒಬ್ಬ ಮುದುಕ. ನಾನು ಬರೆದದ್ದನ್ನು ಫೋನು ಅವನ ಭಾಷೆಗೆ ತಿರುಗಿಸುತ್ತಿತ್ತು, ಅವನದನ್ನು ನನ್ನ ಭಾಷೆಗೆ. ಒಂದೊಂದೇ ಪೊಟ್ಟಣ ಬಂತು. ಕಡೆಗೆ ಉಳಿದದ್ದು ಗಾಡಿ ಚಾಲೂ ಮಾಡುವ ಬೀಗ. ಸ್ಟೇರಿಂಗಿನ ಬುಡದಲ್ಲಿ ಅದು ಇರಬೇಕಾದ ಕಡೆ ಬರೀ ತೂತು, ಹೊರಗೆ ತಿರುಚಿದ ಎರಡು ವೈರು. ಫೋಟೋ ಕಳಿಸಿದೆ. ಅವನ ಉತ್ತರ ಬಂತು: ‘ಹಳೆಯ ಬೀಗದ ಕೈ ಹುಡುಕಿ. ಅದರ ಮೇಲಿನ ನಂಬರಿನಿಂದ ಬೀಗ ಹೊಂದಿಸುತ್ತೇನೆ. ಈ ಗಾಡಿಯನ್ನು ಈಗ ಓಡಿಸುತ್ತಿರುವ ಕುಳ್ಳ ವ್ಯಕ್ತಿಗೆ ನನ್ನ ನಮಸ್ಕಾರ ತಿಳಿಸಿ.’

ಓದಿ ಕೂತಲ್ಲೇ ಕೂತೆ. ಸಾವಿರಾರು ಮೈಲಿ ಆಚೆ ಕೂತವನು ಒಂದು ಫೋಟೋದಲ್ಲಿ ಸೀಟು ನೋಡಿ ಹೇಳಿದ ಮಾತು. ನಾನು ಐದು ಫೂಟು ಹನ್ನೊಂದು ಇಂಚು.

ಅದೇ ವಾರ ಕಾಕೂ ತಮ್ಮನ ಮಗಳ ಮದುವೆಗೆಂದು ನಾಲ್ಕು ದಿನ ತಡವಳಕ್ಕೆ ಹೋದಳು. ಸೀಟು, ಗೇರಿನ ಈ ಆಟ ಅವಳ ಕೆಲಸವೇ ಇರಬೇಕು ಎಂದು ನನಗೆ ಒಳಗೊಳಗೇ ಗುಮಾನಿ ಇತ್ತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಗಂಡನ ಗಾಡಿಯಲ್ಲಿ ಸುಮ್ಮನೆ ಕೂತು ಬರುತ್ತಾಳೆ, ಪಾಪ, ಬರಲಿ. ಅವಳು ಬಸ್ಸು ಹತ್ತಿದ ಮೇಲೆ ಸೀಟು ಹಿಂದೆ ಸರಿಸಿ, ಗೇರು ನ್ಯೂಟ್ರಲ್ ಮಾಡಿ, ಶೆಡ್ಡಿಗೆ ಹೊಸ ಬೀಗ ಜಡಿದು ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡೆ. ಮೂರನೆಯ ದಿನ ಹಾಡುಹಗಲು ಬೀಗ ತೆಗೆದೆ. ಸೀಟು ಮುಂದೆ ಬಂದಿತ್ತು. ಗೇರು ರಿವರ್ಸ್‌ನಲ್ಲಿತ್ತು. ಎಡಗಡೆಯ ಸೀಟು ಯಾರೋ ಒರಗಿದ ಹಾಗೆ ಹಿಂದಕ್ಕೆ ವಾಲಿತ್ತು.

ಕನ್ನಡಿಯಲ್ಲಿ ಹಿಂದಿನ ಗೋಡೆ ಬಿಟ್ಟು ಏನೂ ಇರಲಿಲ್ಲ, ಆದರೂ ಹೊರಳಿ ನೋಡಿದೆ. ಹೊರಗೆ ಬಂದು ಬಿಸಿಲಿನಲ್ಲಿ ಕಲ್ಲಿನ ಮೇಲೆ ಕೂತೆ. ಸೊಲ್ಲಾಪುರದ ಏಪ್ರಿಲ್ ಬಿಸಿಲು, ಕೈ ತಣ್ಣಗಾಗಿದ್ದವು.

ಕಾಕೂ ಮರಳಿದ ಮೇಲೆ ಇದನ್ನು ಹೇಳುವ ಧೈರ್ಯವಾಗಲಿಲ್ಲ. ಕೇಳಬೇಕಾದದ್ದನ್ನು ಮಾತ್ರ ಕೇಳಿದೆ: "ಕಾಕೂ, ಗಾಡಿ ಕಿಲ್ಲಿ ಎಲ್ಲೈತಿ?"

"ಕೀಲಿ ಅಕ್ಕಲಕೋಟದಾಗ ಐತಿ."

ಇದು ಹೊಸ ಮಾತಲ್ಲ. ಅಪ್ಪ ಕೇಳಿದಾಗಲೂ ಅವಳು ಇದನ್ನೇ ಹೇಳಿದ್ದಳು. ಅಪ್ಪ ಅಕ್ಕಲಕೋಟದ ದವಾಖಾನೆಯಲ್ಲಿ ವಿಚಾರಿಸಿ, ಆ ಬೇವಿನ ಮರದ ಬುಡದಲ್ಲಿ ಮಣ್ಣು ಕೆದಕಿ, ಬರಿಗೈಯಲ್ಲಿ ಬಂದಿದ್ದ. ನಾನು ಇನ್ನೊಮ್ಮೆ ಹೋದೆ. ಗಾಡಿಯ ಫೋಟೋ ಹಿಡಿದು, ಇದು ನನ್ನ ಕಾಕಾನ ಗಾಡಿ ಎನ್ನುತ್ತ ಹಳೆ ಗ್ಯಾರೇಜುಗಳನ್ನು ಸುತ್ತಿದೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕೆಲಸ ಬಿಟ್ಟು ಮನೆಯಲ್ಲಿ ಕೂತ ಒಬ್ಬ ಮುದುಕ ಮಿಸ್ತ್ರಿ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದ.

"ಬರ್ರಿ, ಕೂಡ್ರಿ. ಬಾಳ ತಡಾ ಮಾಡಿ ಬಂದ್ರಿ."

"ಇದರ ಕಿಲ್ಲಿ ನಿಮ್ಮ ಹಂತ್ಯಾಕ ಐತೇನ್ರಿ?"

"ಕಿಲ್ಲಿ ನನ್ನ ಕಡೆ ಹ್ಯಾಂಗ ಬರತೈತ್ರಿ? ಕೀಲಿ ಐತಿ."

ಅಟ್ಟದ ಮೇಲಿನ ಎಣ್ಣೆ ಡಬ್ಬಿಯಿಂದ ಬಟ್ಟೆಯಲ್ಲಿ ಸುತ್ತಿದ ಗಂಟು ತೆಗೆದು ನನ್ನ ಕೈಗಿಟ್ಟ. ಬಿಚ್ಚಿದೆ. ಇಡೀ ಬೀಗ, ಒಂದು ಗೀರೂ ಇಲ್ಲದೆ. ನನ್ನ ಮಂದಬುದ್ಧಿಗೆ ಆಗ ಬೆಳಕು ಬಿತ್ತು. ನಮ್ಮ ಮನೆಯಲ್ಲಿ ಕನ್ನಡ ಮಾತಾಡುವಾಗಲೂ ಬೀಗಕ್ಕೆ ಮರಾಠಿಯ ಕುಲೂಪ, ಬೀಗದ ಕೈಗೆ ಕಿಲ್ಲಿ. ತಡವಳದ ಕಾಕೂಗೆ ಬೀಗವೇ ಕೀಲಿ, ಅದರ ಕೈ ಕೀಲಿಕೈ. ಅವಳು ನಲವತ್ತು ವರ್ಷ ನಿಜವನ್ನೇ ಹೇಳಿದ್ದಳು. ನಾವು ಮರಾಠಿ ಕಿವಿಯಲ್ಲಿ ಕೇಳಿದ್ದೆವು.

"ಅವತ್ತು ಗಾಡಿ ಬಂದ್ ಮಾಡಿ ಕಿಲ್ಲಿ ಯಾರೋ ತಗೊಂಡಿದ್ರು," ಅಂದ ಮುದುಕ. "ಸ್ಟೇರಿಂಗ್ ಲಾಕ್ ಆಗಿತ್ತು. ನಾನ ಬೋಲ್ಟ್ ಕೊರದು ಕೀಲಿ ಬಿಚ್ಚಿ, ವೈರ್ ಜೋಡಿಸಿ ಸೊಲ್ಲಾಪುರಕ್ಕ ಮುಟ್ಟಿಸಿದೆ. ಸೀಟು ಎಷ್ಟು ಮುಂದಿತ್ತಂದ್ರ, ಮೊಣಕಾಲು ಗದ್ದಕ್ಕ ಬಡೀತಿದ್ದುವು." ಆಮೇಲೆ ಧ್ವನಿ ತಗ್ಗಿಸಿದ. "ನಿಮ್ಮ ಕಾಕಾನ್ನ ಇಳಿಸಿಕೊಂಡಾವ್ರಾಗ ನಾನೂ ಒಬ್ಬಾಂವ. ಎಡಗಡಿ ಬಾಗಿಲಾ ತಗದು ಇಳಿಸಿಕೊಂಡ್ವಿ."

"ಇಷ್ಟು ವರ್ಷ ಯಾಕ ಹೇಳಲಿಲ್ರಿ?"

"ಹೇಳಬೇಕಾದವರು ಹೇಳಿಲ್ಲಂದ್ರ, ನಡುವ ನಾ ಯಾಂವ?"

ಮನೆಗೆ ಬಂದು ಬೀಗವನ್ನು ಕಾಕೂಳ ಮಡಿಲಲ್ಲಿಟ್ಟೆ. ಅವಳು ಅದನ್ನು ಬೆರಳಿನಿಂದ ತಡವಿ, ಸೊಂಟದ ಗೊಂಚಲು ತೆಗೆದಳು. ಕಪಾಟಿನದು, ಕಣಜದ್ದು, ದೇವರ ಪೆಟ್ಟಿಗೆಯದು. ಅವುಗಳ ನಡುವೆ ನಾನು ಚಿಕ್ಕಂದಿನಿಂದ ನೋಡುತ್ತ ಬಂದ ಒಂದು ಸಣ್ಣ ಚಪ್ಪಟೆ ಬೀಗದ ಕೈ. ಹಾಕಿ ತಿರುಗಿಸಿದಳು. ಟಕ್ ಅಂದಿತು.

"ಇದು ನಿನ್ನ ಹಂತ್ಯಾಕನ ಇತ್ತ?" ನನ್ನ ಗಂಟಲು ಏರಿತು.

"ಕೀಲಿಕೈ ಯಾರರೆ ಕೇಳಿದ್ರೇನು? ಕೇಳಿದ್ರ ಕೊಡ್ತಿದ್ದೆ. ಕೊಟ್ಟು ಎಲ್ಲಾ ಹೇಳ್ತಿದ್ದೆ. ಕೇಳ್ತಾರ, ಕೇಳ್ತಾರ ಅಂತ ಕಾದೆ."

ಅವಳು ಹೇಳಿದಳು, ಅಳದೆ. ಗುರುವಾರಗಳಂದು ಕುಂಭಾರಿ ದಾಟಿದ ಮೇಲೆ ಕಾಕಾ ಗಾಡಿ ನಿಲ್ಲಿಸಿ ಸೀಟು ಬದಲಿಸುತ್ತಿದ್ದ. ಮಠದ ನೆಪದಲ್ಲಿ ಅವಳಿಗೆ ಗಾಡಿ ಕಲಿಸುತ್ತಿದ್ದ. ನಮ್ಮ ಮನೆಯ ಸೊಸೆ ತಲೆಯ ಮೇಲಿನ ಸೆರಗು ಜಾರಿಸಿದರೂ ದೊಡ್ಡ ಸುದ್ದಿಯಾಗುತ್ತಿದ್ದ ಕಾಲ. ಆ ದಿನ ಅವಳು ಸ್ಟೇರಿಂಗು ಹಿಡಿದು ಎರಡು ನಿಮಿಷವಾಗಿಲ್ಲ, ಕಾಕಾ ಎದೆ ಹಿಡಿದುಕೊಂಡ. ಕನ್ನಡಿಯಲ್ಲಿ ಇನ್ನೂ ಕುಂಭಾರಿ ಕಾಣುತ್ತಿತ್ತು.

"ಸೊಲ್ಲಾಪುರದ ದೊಡ್ಡ ದವಾಖಾನಿ ಸನೇಕಿತ್ತು. ರಸ್ತಾ ಸಣ್ಣದು, ಎರಡೂ ಕಡೆ ತಗ್ಗು. ಹೊಳ್ಳಬೇಕಂದ್ರ ಹಿಂದ ಬರಬೇಕು. ನಂಗ ಹಿಂದ ಬರೂದು ಬರ್ತಿರಲಿಲ್ಲ. ಅವರು ಮುಂದ ಹೋಗೂದಷ್ಟ ಕಲಸಿದ್ರು. ಮುಂದಿನ ಗುರುವಾರ ಹಿಂದ ಹೋಗೂದು ಅಂದಿದ್ರು. ಮುಂದ ಹ್ವಾದೆ, ತಮ್ಮಾ. ಅಕ್ಕಲಕೋಟದ ತನಕಾ ಮುಂದನ ಹ್ವಾದೆ."

ನಮ್ಮ ಮನೆಯ ಶೂರ ಗಂಡಸಿನ ಕತೆಗೆ ನಲವತ್ತು ವರ್ಷ ತಲೆದೂಗಿದವನು ನಾನು. ನಾಚಿಕೆಯಾಯಿತು. ಮಧ್ಯಾಹ್ನಗಳಲ್ಲಿ ಗೇರು ಹಾಕುತ್ತಿದ್ದವಳು ಅವಳೇ ಎಂದು ಒಪ್ಪಿಕೊಂಡಳು. ಎಷ್ಟೋ ವರ್ಷಗಳಿಂದ ಹಾಕುತ್ತಿದ್ದಾಳೆ. ಸೀಟಿನ ಹಳಿ ತುಕ್ಕು ಹಿಡಿಯದ್ದು ಅದಕ್ಕೇ. ಆಗ ನಾನು ಆ ಮೂರನೆಯ ದಿನದ ವಿಷಯ ಹೇಳಿದೆ, ಬೀಗ ಹಾಕಿದ ಶೆಡ್ಡಿನದು.

ಕಾಕೂ ಮಡಿಲಿನ ಬೀಗವನ್ನು ಇನ್ನೊಮ್ಮೆ ತಿರುಗಿಸಿದಳು. "ಅದು ನಾ ಅಲ್ಲಪಾ," ಅಂದಳು. "ಕಲಸಲಿಲ್ಲಲ್ಲಾ ಅಂತ ಅವರಿಗೂ ಹಳಹಳಿ ಇರಬೇಕು."

ಬೀಗ ಕೂರಿಸಿದೆ. ಅದೇ ಬೀಗದ ಕೈಯಿಂದ ಗಾಡಿ ಚಾಲೂ ಆಯಿತು. ಊರ ಹೊರಗಿನ ಬಯಲಿನಲ್ಲಿ ಎರಡು ತಿಂಗಳು ಬೆಳಗಿನ ಹೊತ್ತು ಅವಳಿಗೆ ರಿವರ್ಸ್ ಕಲಿಸಿದೆ. ಲೈಸೆನ್ಸಿನ ಮಾತೆತ್ತಿದರೆ, "ಇಷ್ಟು ವಯಸ್ಸಿನ್ಯಾಗ ಯಾಂವ ಹಿಡೀತಾನ?" ಅಂದಳು. ನಾನು ಬೈದೆ, ಅವಳು ತಿರುಗಿ ಬೈದಳು, ಕಲಿತಳು.

ಒಂದು ಗುರುವಾರ ಕುಂಭಾರಿಗೆ ಹೊರಟೆವು, ನಾನು ಓಡಿಸುತ್ತ. ಹೊಸ ಹೆದ್ದಾರಿ ಬಿಟ್ಟು ಊರಾಚೆ ಇನ್ನೂ ಉಳಿದಿರುವ ಹಳೆ ರಸ್ತೆಯ ತುಂಡಿಗೆ ಇಳಿದೆ. ಅವಳು ಒಂದು ಕಡೆ ನಿಲ್ಲಿಸು ಅಂದಳು. ಸೀಟು ಬದಲಿಸಿದೆವು. "ನೀ ಇಳಿ," ಅಂದಳು ಆಮೇಲೆ. ತಿರುಗಿಸುವಾಗ ಹಿಂದೆ ನಿಂತು ನೋಡಲು ಹೇಳುತ್ತಿದ್ದಾಳೆ ಅಂದುಕೊಂಡು ಇಳಿದೆ. ಎಡ ಸೀಟನ್ನು ನೆಟ್ಟಗೆ ಮಾಡಿ ಬಾಗಿಲು ಹಾಕಿದೆ. ಗಾಡಿ ತಗ್ಗಿನ ಅಂಚಿನ ತನಕ ಹಿಂದೆ ಬಂತು, ಮುಂದೆ ಹೋಯಿತು, ಮತ್ತೆ ಹಿಂದೆ ಬಂತು. ಮೂತಿ ಸೊಲ್ಲಾಪುರದ ಕಡೆಗಾಯಿತು. ತೆರೆದ ಕಿಟಕಿಯಿಂದ ಅವಳ ಧ್ವನಿ ಕೇಳಿಸಿತು. ಖಾಲಿ ಸೀಟಿಗೆ ಹೇಳುತ್ತಿದ್ದಳು: "ನೋಡ್ರಿ, ಬಂತು. ತಡೀರಿ, ಬಂತು ದವಾಖಾನಿ."

ಗಾಡಿ ಹೊರಟೇ ಹೋಯಿತು. ಕೂಗಿದೆ, ಓಡಿದೆ, ದೊಡ್ಡ ರಸ್ತೆಗೆ ಬಂದು ಸಿಕ್ಕಿದ ರಿಕ್ಷಾ ಹತ್ತಿದೆ. ದಾರಿಯುದ್ದಕ್ಕೂ ಎಲ್ಲಿ ಜನ ಗುಂಪುಗೂಡಿದ್ದಾರೋ ಎಂದು ನೋಡುತ್ತ ಬಂದೆ. ಎಲ್ಲಿಯೂ ಇರಲಿಲ್ಲ. ಗಾಡಿ ಸೊಲ್ಲಾಪುರದ ದೊಡ್ಡ ದವಾಖಾನೆಯ ಗೇಟಿನ ಮುಂದೆ ರಸ್ತೆಯ ಬದಿಗೆ ನೆಟ್ಟಗೆ ನಿಂತಿತ್ತು. ಕಾಕೂ ಸ್ಟೇರಿಂಗು ಹಿಡಿದುಕೊಂಡೇ ಕೂತಿದ್ದಳು. ನನ್ನನ್ನು ನೋಡಿ, ಮುಂದಿನ ಗಡಿಯಾರಕ್ಕೆ ಬೆರಳು ತೋರಿಸಿದಳು.

"ಇಪ್ಪತ್ತು ನಿಮಿಷ, ತಮ್ಮಾ. ಬರೇ ಇಪ್ಪತ್ತು ನಿಮಿಷ."

ಆಗ ಅತ್ತಳು. ನಾನು ಬಗ್ಗಿ ಎಡಗಡೆಯ ಬಾಗಿಲು ತೆಗೆದೆ. ಕುಂಭಾರಿಯಲ್ಲಿ ನಾನು ನೆಟ್ಟಗೆ ಮಾಡಿದ್ದ ಸೀಟು ಪೂರ್ತಿ ಹಿಂದಕ್ಕೆ ವಾಲಿತ್ತು. ಅದರ ಹಿಡಿ ಬಾಗಿಲ ಕಡೆಗಿದೆ, ಓಡಿಸುವವರ ಕೈಗೆ ಎಟುಕುವುದಿಲ್ಲ. ನಾನು ಅದರಲ್ಲಿ ಕೂರಲಿಲ್ಲ. ಬಾಗಿಲು ಮೆಲ್ಲಗೆ ಮುಚ್ಚಿ, ಅವಳ ಕಿಟಕಿಯ ಪಕ್ಕದಲ್ಲಿ ನಿಂತೆ.