ಹಲ್ಲಿನಲ್ಲಿ ಕಚ್ಚಿದ ಬಾಳೆನಾರು

ಗಂಡನ ಕೆಲಸದ ನಿಮಿತ್ತ ಕೆಲವು ವರ್ಷ ನೈಜೀರಿಯಾದಲ್ಲಿದ್ದಾಗ, ಅಲ್ಲಿನ ಯೊರುಬಾ ಅಜ್ಜಿಯೊಬ್ಬರಿಂದ ಬಟ್ಟೆಗೆ ಗಂಟು ಕಟ್ಟಿ ನೀಲಿಯಲ್ಲಿ ಅದ್ದುವುದನ್ನು ಕಲಿತೆ. ಅವರು ಅದಕ್ಕೆ ಆದಿರೆ ಎನ್ನುತ್ತಾರೆ. ಬಿಗಿದು ಕಟ್ಟಿದಲ್ಲಿ ಬಣ್ಣ ಇಳಿಯದೆ ಬಿಳಿ ಉಂಗುರ ಉಳಿಯುತ್ತದೆ. ಗಂಟು ಸಡಿಲವಾದರೆ ಅಜ್ಜಿ ಮುಂಗೈ ಮೇಲೆ ಪಟ್ಟನೆ ಒಂದು ಕೊಡುತ್ತಿದ್ದರು. ಈಗ ಅದೇ ವಿದ್ಯೆಯನ್ನು ಹೊನ್ನಾವರದ ಮಹಿಳಾ ಮಂಡಲದ ಕೋಣೆಯಲ್ಲಿ ಕಲಿಸುತ್ತೇನೆ, ಏಟೊಂದನ್ನು ಬಿಟ್ಟು.

ಮೊದಲ ಶಿಬಿರಕ್ಕೆ ಭಟ್ಕಳ ಮಲ್ಲಿಗೆ ಕಟ್ಟಿ ಮಾರುವವಳೊಬ್ಬಳು ಬಂದಳು. ಮದುವೆ ಗೊತ್ತಾದ ಮಗಳಿಗೆ ತನ್ನ ಕೈಯಾರೆ ಒಂದು ದುಪಟ್ಟಾ ಮಾಡಿಕೊಡಬೇಕು, ಅದಷ್ಟೇ ಅವಳ ಆಸೆ. ಗಂಟು ಕಟ್ಟಲು ಕೊಟ್ಟ ಬಾಳೆನಾರು ಅವಳ ಬೆರಳಲ್ಲಿ ಆಡುವುದನ್ನು ನೋಡಿ, ಇವಳಿಗೆ ನಾನೇನು ಕಲಿಸಲಿ ಎಂದುಕೊಂಡೆ. ಹುಣಸೆಬೀಜ ಇಟ್ಟು ಕಟ್ಟಿದ ಅವಳ ತುಂಡುಬಟ್ಟೆ ಬಣ್ಣದ ಹಂಡೆಯಿಂದ ಹಸಿರಾಗಿ ಮೇಲೆ ಬಂತು, ಗಾಳಿ ತಾಗಿ ನೀಲಿಯಾಯಿತು. ಗಂಟು ಬಿಚ್ಚಿದರೆ ಒಂದೇ ಒಂದು ಬಿಳಿ ಉಂಗುರವಿಲ್ಲ. ಗಂಟಿನೊಳಗೆಲ್ಲ ಬಣ್ಣ ನುಗ್ಗಿತ್ತು.

"ಎಂತ ಮಾಡುದು ಅಕ್ಕೋರೆ," ಎಂದಳು. "ಬಿಗಿದ್ರೆ ಮೊಗ್ಗಿನ ತೊಟ್ಟು ಕಡ್ದು ಹೋಗ್ತದೆ ಹೇಳಿ ಕೈಗೆ ಹೆದ್ರಿಕೆ."

ನನಗೆ ಸಿಟ್ಟು ಬೇಗ. "ಇದು ಮಲ್ಲಿಗೆ ಅಲ್ಲ ಮಾರಾಯ್ತಿ, ಬಟ್ಟೆ! ಬಿಗಿ!" ಎಂದು ಕೂಗಿದೆ. ಎರಡನೆಯ ತುಂಡೂ ಹಾಳಾಯಿತು. ಅವಳು ದುಪಟ್ಟಾಕ್ಕೆಂದು ತಂದ ಬಿಳಿ ಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿ, "ನನ್ ಕೈಲಿ ಆಗುದಿಲ್ಲ" ಎಂದು ಎದ್ದಳು.

ನಾನು ಚೀಲ ಕಸಿದುಕೊಂಡೆ. ಅವಳನ್ನು ಪಕ್ಕದಲ್ಲಿ ಕೂರಿಸಿ, ನಾರಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯಲು ಹೇಳಿದೆ, ಅಜ್ಜಿ ಎಳೆಯುತ್ತಿದ್ದಂತೆ. ಅವಳ ಹಲ್ಲು ಎಂದೂ ಹೂ ಕಟ್ಟಿರಲಿಲ್ಲ. ಅದಕ್ಕೆ ಹೆದರಿಕೆ ಗೊತ್ತಿರಲಿಲ್ಲ.

ಹಾಗೆ ಕಟ್ಟಿ ಅದ್ದಿದ ದುಪಟ್ಟಾ ಬಿಚ್ಚಿದಾಗ ಅಂಚಿನಿಂದ ಅಂಚಿಗೆ ಬಿಳಿ ಉಂಗುರಗಳು, ಮಲ್ಲಿಗೆ ದಂಡೆಯ ಹಾಗೆ ಒತ್ತೊತ್ತಾಗಿ. "ಆತು!" ಎಂದಳು, ಅಷ್ಟೇ. ಅತ್ತವಳು ನಾನು. ಹೆಮ್ಮೆಯಾಗಿತ್ತು, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಅವಳ ಮಗಳು ಅದನ್ನೇ ಹೊದ್ದು ಗಂಡನ ಮನೆಗೆ ಹೋದಳು. ಮೊನ್ನೆ ಭಟ್ಕಳದಲ್ಲಿ ಶಿಬಿರವಿತ್ತು. ನನ್ನ ಜೊತೆ ಕಲಿಸಲು ಆ ತಾಯಿಯನ್ನೂ ಕರೆದುಕೊಂಡು ಹೋಗಿದ್ದೆ. ಹೊಸದಾಗಿ ಬಂದವಳೊಬ್ಬಳು ಗಂಟನ್ನು ಸಡಿಲ ಬಿಟ್ಟಳು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಹೂವಿನವಳು ಅವಳ ಮುಂಗೈ ಮೇಲೆ ಪಟ್ಟನೆ ಒಂದು ಕೊಟ್ಟಳು.

ಅಜ್ಜಿಯ ಏಟಿನ ವಿಷಯವನ್ನು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.