ಹುಣಸೆ ದಿಮ್ಮಿಯ ಮೊಳೆ

ಮಿಲ್ಲಿನ ತಗಡು ಬಿಚ್ಚುವ ದಿನ ಅಣ್ಣನ ಹಳೆಯ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ಅಂಗೈಯಗಲದ ಹುಣಸೆ ತುಂಡು, ಅದರೊಳಗೆ ತುಂಡಾದ ಮೊಳೆ. ಮೊಳೆಯ ಸುತ್ತ ಮರ ಮಸಿಯಂತೆ ಕಪ್ಪಾಗಿತ್ತು.

ಹುಳಿಯಾರಿನಲ್ಲಿ ನಮ್ಮದು ಮೂರು ತಲೆಮಾರಿನ ಸಾಮಿಲ್ಲು. ತಾತ ಗುಂಡಿ ತೋಡಿ, ಮೇಲೊಬ್ಬ ಕೆಳಗೊಬ್ಬ ನಿಂತು ಗರಗಸ ಎಳೆಯುತ್ತಿದ್ದ ಕಾಲದಿಂದ ಬಂದದ್ದು. ಅಪ್ಪ ಮೆಷಿನ್ನು ತಂದರು. ಅಣ್ಣನಿಗೆ ಮರದ ಒಳಗೇನಿದೆ ಎಂಬುದೇ ಕುತೂಹಲ. ತೋಟದ ಮರಗಳಿಗೆ ಜನ ತಂತಿ, ಮೊಳೆ ಹೊಡೆದಿರುತ್ತಾರೆ, ಮರ ಅದನ್ನೆಲ್ಲ ನುಂಗಿ ಬೆಳೆಯುತ್ತದೆ. ಅದು ಸಿಕ್ಕರೆ ಬ್ಲೇಡು ಹರಿದು ಸಿಡಿಯುತ್ತದೆ. ಹಾಗಾಗಿ ಪ್ರತಿ ದಿಮ್ಮಿಯನ್ನೂ ಉಳಿಯಿಂದ ಅಲ್ಲಲ್ಲಿ ಕೆತ್ತಿ, ಕಬ್ಬಿಣ ತಾಗಿದ ಕಪ್ಪು ಕಲೆ ಹುಡುಕುತ್ತಿದ್ದ.

ಕೆಂಕೆರೆಯ ಮಾವನ ತೋಟದ ಹುಣಸೆ ದಿಮ್ಮಿ ಬಂದ ದಿನ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದು ಜಗಲಿಯಲ್ಲಿ ಕೂತಿದ್ದರು. ಅಣ್ಣ ಮಿಲ್ಲಿನಿಂದಲೇ ಕೂಗಿದ.

"ಲೇ, ಮಾವನ ಮರಕ್ಕೆ ಮೊಳೆ ಗಿಳೆ ಹೊಡ್ದಿದ್ರೇನೇ? ರಜಕ್ಕೆಲ್ಲ ಅಲ್ಲೇ ಬಿದ್ದಿರ್ತಿದ್ದೆ ನೀನು."

"ಇಲ್ಲ ಕಣಣ್ಣ."

ಹೊಡೆದಿದ್ದರು. ನಾನು ಚಿಕ್ಕವಳಿದ್ದಾಗ ಮೂರ್ಛೆ ಹೋಗುತ್ತಿದ್ದೆ. ಗಾಳಿ ಸೋಕಿದೆ ಎಂದು ಅವ್ವ ನನ್ನ ಕೂದಲೆಳೆ ಸುತ್ತಿ ಆ ಮರಕ್ಕೆ ತಾನೇ ಮೊಳೆ ಹೊಡೆದಿದ್ದಳು. ಯಾರಿಗೂ ಹೇಳಬೇಡ ಅಂದಿದ್ದಳು. ಅವ್ವ ಅಷ್ಟರಲ್ಲಿ ತೀರಿಹೋಗಿದ್ದಳು, ಗೊತ್ತಿದ್ದದ್ದು ನನಗೊಬ್ಬಳಿಗೇ. ಬಂದವರು ಹೋದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಕಾಫಿ ಲೋಟ ತೊಳೆಯುತ್ತಿದ್ದಾಗಲೇ ಮೆಷಿನ್ನಿನ ಸದ್ದು ಕೇಳಿತು...

ಹರಿದ ಬ್ಲೇಡು ಅಣ್ಣನ ಬಲಗಣ್ಣು ತೆಗೆಯಿತು.

ಅವನು ಯಾರನ್ನೂ ಬಯ್ಯಲಿಲ್ಲ. ಆಸ್ಪತ್ರೆಯಿಂದ ಬಂದವನೇ ಆ ತುಂಡನ್ನು ಉಳಿದ ಕಣ್ಣಿನ ಹತ್ತಿರ ಹಿಡಿದು, ಮೊಳೆಯ ಮೇಲೆ ಎಷ್ಟು ಮರ ಬೆಳೆದಿದೆ ಎಂದು ಬೆರಳಿಟ್ಟು ಅಳೆಯುತ್ತಿದ್ದ. "ಯಾರ್ದಿರ್ಬೋದು ಈ ಮೊಳೆ?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದ. ಒಂದು ಮಧ್ಯಾಹ್ನ ನನ್ನನ್ನು ಕರೆದ.

"ಹತ್ತು ವರ್ಷ ಆಗೈತೆ ಕಣೇ ಹೊಡ್ದು. ನಿಂಗಾಗ..."

ಬೆರಳು ಮಡಿಸುತ್ತಿದ್ದವನು ನಿಲ್ಲಿಸಿದ. ನನ್ನ ಮುಖ ನೋಡಿದ.

"ಬುಡು. ಕಾಫಿ ತಾ ಹೋಗು. ಅತ್ತೆ ಮನೇಲೂ ಇಂಥ ನೀರ್ ಕಾಫಿನೇ ಕೊಟ್ಟೀಯ, ವಾಪಸ್ ಕಳಿಸ್ತಾರೆ."

ಅವತ್ತಿನಿಂದ ಅವನು ಯಾರನ್ನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೋದ ವರ್ಷ ಅಣ್ಣ ಹೋದ. ಅಷ್ಟು ವರ್ಷದಲ್ಲಿ ಅವನು ಕೆತ್ತಿ ನೋಡದೆ ಮೆಷಿನ್ನಿಗೆ ಕೊಟ್ಟದ್ದು ಆ ಒಂದೇ ದಿಮ್ಮಿ. ನಾನು ಇಲ್ಲ ಅಂದದ್ದು ಅವನಿಗೆ ಸಾಕಾಗಿತ್ತು.

ತಗಡು ಇಳಿಸುತ್ತಿದ್ದ ಗುಜರಿಯವನು ನನ್ನ ಕೈ ನೋಡಿದ.

"ಯಾರ್ದಕ್ಕಾ ಆ ಮೊಳೆ?"

"ನಂದು ಕಣಪ್ಪ" ಅಂದೆ.