ಒಂದೇ ಕಿಂಡಿಯ ಪೆಟ್ಟಿಗೆ

ಆ ಬೀದಿಯಲ್ಲಿ ಅವನ ನಿಜವಾದ ಹೆಸರನ್ನು ಬಲ್ಲವರು ಅವನ ಅಕ್ಕ, ಭಾವ ಮತ್ತು ಅಂಚೆಯವನು, ಮೂವರೇ ಇದ್ದಿರಬೇಕು. ಉಳಿದವರಿಗೆಲ್ಲ ಅವನು ವಯರಣ್ಣ. ಔಷಧದಂಗಡಿಗೂ ಹೊಲಿಗೆಯಂಗಡಿಗೂ ನಡುವೆ, ಒಬ್ಬರು ಒಳಗೆ ಬರಬೇಕಾದರೆ ಇನ್ನೊಬ್ಬರು ಹೊರಗೆ ಹೋಗಬೇಕಾದಷ್ಟು ಇಕ್ಕಟ್ಟಾದ ಕಂಪ್ಯೂಟರ್ ರಿಪೇರಿ ಅಂಗಡಿ ಅವನದು. ಗೋಡೆಯ ಮೊಳೆಗಳಿಂದ ಬಗೆಬಗೆಯ ವಯರುಗಳು ಬಳ್ಳಿಗಳಂತೆ ಇಳಿಬಿದ್ದಿರುತ್ತಿದ್ದವು. ಗಿರಾಕಿಯೊಡನೆ ಮಾತಾಡುತ್ತಲೇ ಕೈ ಹಿಂದಕ್ಕೆ ಚಾಚಿ, ತುದಿಯನ್ನು ಬೆರಳಿನಿಂದ ಸವರಿ, ತಿರುಗಿಯೂ ನೋಡದೆ ಬೇಕಾದ ವಯರನ್ನು ಎಳೆದುಕೊಡುತ್ತಿದ್ದ. ಒಂದು ದಿನವೂ ತಪ್ಪಿದ್ದಿಲ್ಲ.

ಅವನಿಗೊಂದು ಅಭ್ಯಾಸವಿತ್ತು. ವರ್ಷಕ್ಕೊಮ್ಮೆ ಅಂಗಡಿಯನ್ನು ತೊಳೆದು ಬಳಿದು, ಹಳೆಯದನ್ನೆಲ್ಲ ಗುಜರಿಯ ಗಾಡಿಗೆ ಹೇರಿಬಿಡುವುದು. "ಇರ್ಲಿ ಬಿಡೋ, ಯಾವತ್ತಾದ್ರೂ ಬೇಕಾದೀತು" ಎಂದು ಅಕ್ಕ ತಡೆದರೆ, "ಹಳೇದನ್ನೆಲ್ಲ ತಲೆ ಮೇಲೆ ಹೊತ್ಕೊಂಡು ತಿರುಗ್ಲಾ? ಕಂಪ್ಯೂಟರು ಅಂದ್ರೆ ಮುಂದಕ್ಕೆ ಹೋಗೋ ವಸ್ತು ಕಣಕ್ಕಾ" ಎನ್ನುತ್ತಿದ್ದ.

ಅಕ್ಕನ ಗಂಡನದು ಅದೇ ಬೀದಿಯ ಕೊನೆಯಲ್ಲಿ ಫೋಟೋ ಸ್ಟುಡಿಯೋ. ವಾರದ ಆರು ದಿನ ಮದುವೆಯ ಫೋಟೋ, ಅರ್ಜಿಗೆ ಅಂಟಿಸುವ ಫೋಟೋ, ಅದು ಹೊಟ್ಟೆಪಾಡು. ಭಾನುವಾರ ಮಾತ್ರ ಭಾವ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ತನ್ನ ಖುಷಿಗೆಂದು ಹೊರಡುತ್ತಿದ್ದರು. ಅವರು ತೆಗೆಯುತ್ತಿದ್ದುದು ಮುಖಗಳನ್ನಲ್ಲ, ಕೆಲಸ ಮಾಡುವ ಕೈಗಳನ್ನು: ಕ್ಷೌರಿಕನ ಕೈ, ಹಸಿ ಸಿಮೆಂಟು ಮೆತ್ತಿದ ಗಾರೆ ಕೆಲಸದವಳ ಕೈ, ಟಿಕೆಟ್ ಹರಿಯುವ ಕೈ, ಕೂಸನ್ನು ತೂಗುವ ದಾದಿಯ ಕೈ. ಹೀಗೆ ಹನ್ನೆರಡು ವರ್ಷಗಳ ಭಾನುವಾರಗಳು. ಅವುಗಳಲ್ಲಿ ನಲವತ್ತನ್ನು ಆರಿಸಿ, ದೊಡ್ಡದು ಮಾಡಿಸಿ, ಗ್ರಂಥಾಲಯದ ಹಜಾರದಲ್ಲಿ ತೂಗುಹಾಕಬೇಕೆಂಬುದೊಂದೇ ಅವರ ಆಸೆ. "ಆರಿಸೋದು ಮಾತ್ರ ನಾನೇ. ಬೇರೆಯವರ ಕಣ್ಣಿಗೆ ಬಿಡೋ ಕೆಲಸ ಅಲ್ಲ ಅದು" ಎನ್ನುತ್ತಿದ್ದರು.

ಚಿತ್ರಗಳು ಹೆಚ್ಚಿ ಸ್ಟುಡಿಯೋದ ಕಂಪ್ಯೂಟರು ತುಂಬಿಹೋದಾಗ, ಹೊರಗಿಡುವ ಡಿಸ್ಕ್ ಕೊಳ್ಳಲು ಅವರು ವಯರಣ್ಣನ ಅಂಗಡಿಗೆ ಬಂದರು. ಕೈಯಲ್ಲಿ ಕ್ಯಾಮೆರಾ ಇದ್ದೇ ಇತ್ತು. ಕೀಬೋರ್ಡ್ ರಿಪೇರಿಗೆಂದು ಬಂದಿದ್ದ, ಪುಸ್ತಕ ಅಚ್ಚುಹಾಕುವ ಪ್ರೆಸ್ಸಿನ ಯಜಮಾನರೂ ಬಾಗಿಲಲ್ಲಿ ನಿಂತಿದ್ದರು.

"ಡಿಸ್ಕ್ ಯಾವುದಾದ್ರೂ ಒಂದೇ ಭಾವ, ಅದರ ಪ್ರಾಣ ಇರೋದು ವಯರಿನಲ್ಲಿ," ಎಂದು ವಯರಣ್ಣ ಶುರು ಮಾಡಿದ. "ಈ ಯುಎಸ್‌ಬಿ ಎಲ್ಲಾ ಕಂಪ್ಯೂಟರಿಗೂ ಸೇರುತ್ತೆ, ಸರಿ. ಆದರೆ ಎತ್ತಿನ ಗಾಡಿ. ನೀವು ಚಿತ್ರ ಹಾಕಿ, ಸ್ನಾನ ಮಾಡಿ, ಊಟ ಮುಗಿಸಿ ಬಂದ್ರೂ ಅರ್ಧ ದಾರೀಲಿರುತ್ತೆ. ಇದು ನೋಡಿ, ಫೈರ್‌ವೈರ್. ಒಳಗೆ ಎರಡು ಡಿಸ್ಕ್, ಪ್ರತಿ ಚಿತ್ರಾನೂ ಪಾಲು ಮಾಡ್ಕೊಂಡು ಒಟ್ಟಿಗೆ ಬರ್ಕೊಳ್ಳುತ್ವೆ. ಕಣ್ಣು ಮುಚ್ಚಿ ಬಿಡೋದ್ರಲ್ಲಿ ಕೆಲಸ ಮುಗಿದಿರುತ್ತೆ!"

ಪ್ರೆಸ್ಸಿನ ಯಜಮಾನರು ಪೆಟ್ಟಿಗೆಯ ಹಿಂಭಾಗವನ್ನು ತಿರುಗಿಸಿ ನೋಡಿದರು. "ಇದಕ್ಕೆ ಒಂದೇ ಕಿಂಡಿ ಇದೆಯಲ್ಲಪ್ಪ. ಎರಡು ಥರದ ವಯರೂ ಸೇರೋ ಪೆಟ್ಟಿಗೆ ಬರುತ್ತೆ, ಅದನ್ನ ಕೊಡು. ಮನೆಗೊಂದು ಹಿಂಬಾಗಿಲು ಇರ್ಬೇಕು."

ಅವರು ಹೇಳಿದ ಪೆಟ್ಟಿಗೆಯನ್ನು ತರಿಸಲು ಹದಿನೈದು ದಿನ ಬೇಕಾಗಿತ್ತು. ವಯರಣ್ಣನಿಗೆ ತನ್ನ ವಯರಿನ ವೇಗವನ್ನು ಭಾವನಿಗೆ ಅಂದೇ ತೋರಿಸಬೇಕಿತ್ತು. "ಕದ್ದು ಓಡಾಡೋರಿಗೆ ಬೇಕು ಸ್ವಾಮಿ, ಹಿಂಬಾಗಿಲು. ನಮ್ಮ ಭಾವ ಮುಂಬಾಗಿಲಲ್ಲೇ ಬರೋರು," ಎಂದುಬಿಟ್ಟ. ಪಕ್ಕದ ಹೊಲಿಗೆಯವನವರೆಗೂ ಎಲ್ಲರೂ ಗೊಳ್ಳೆಂದು ನಕ್ಕರು. ಯಜಮಾನರ ಮುಖ ಸಣ್ಣದಾಯಿತು. ಕೀಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟವರು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಪೆಟ್ಟಿಗೆಯೇನೋ ಹೇಳಿದ ಮಾತಿಗೆ ತಪ್ಪಲಿಲ್ಲ. ಏಳು ವರ್ಷ ಚಿತ್ರಗಳನ್ನು ಗಟಗಟನೆ ಕುಡಿಯಿತು. ಆಮೇಲೊಂದು ದಿನ ಸ್ಟುಡಿಯೋದ ಕಂಪ್ಯೂಟರು ಸತ್ತಿತು. ವಯರಣ್ಣನೇ ಹೊಸದನ್ನು ತಂದು ಕೂರಿಸಿದ; ಹಳೆಯದನ್ನು ಅಭ್ಯಾಸದಂತೆ ಗುಜರಿಗೆ ಹಾಕಿದ. ತನ್ನಲ್ಲಿ ಆ ಕಿಂಡಿಯಿದ್ದ ಒಂದೇ ಒಂದು ಯಂತ್ರವೂ ಅದೇ ಗಾಡಿಯಲ್ಲಿ ಹೋಯಿತು. ಪೆಟ್ಟಿಗೆಯ ವಯರನ್ನು ಕೈಯಲ್ಲಿ ಹಿಡಿದು ಹೊಸ ಕಂಪ್ಯೂಟರಿನ ಬೆನ್ನನ್ನು ಸವರಿದಾಗ, ಅದನ್ನು ಸಿಕ್ಕಿಸಲು ಎಲ್ಲಿಯೂ ಜಾಗವಿರಲಿಲ್ಲ. ಅಷ್ಟರಲ್ಲಿ ಯುಎಸ್‌ಬಿಯೇ ಓಡಲು ಕಲಿತಿತ್ತು. ಫೈರ್‌ವೈರನ್ನು ಕೇಳುವವರೇ ಇರಲಿಲ್ಲ.

"ಒಂದು ವಯರಿನ ಮಾತು ಭಾವ, ಮುಂದಿನ ವಾರ ನೋಡೋಣ," ಎಂದ.

ಪೆಟ್ಟಿಗೆಯ ತಿರುಪು ಬಿಚ್ಚಿಯೂ ನೋಡಿದ. ಒಳಗೆ ಎರಡು ಡಿಸ್ಕ್. ಪ್ರತಿಯೊಂದು ಚಿತ್ರದ ಅರ್ಧ ಇದರಲ್ಲಿ, ಅರ್ಧ ಅದರಲ್ಲಿ. ತಾನೇ ಹೊಗಳಿದ ಜಾಣತನ. ಬಿಡಿಸಿದರೆ ಎರಡೂ ದಕ್ಕಲಿಕ್ಕಿಲ್ಲವೆಂದು ಹೆದರಿ ತಿರುಪನ್ನು ಮತ್ತೆ ಬಿಗಿದ. ಹಳೆಯ ವಯರನ್ನು ಹೊಸ ಕಿಂಡಿಗೆ ಹೊಂದಿಸುವ ಒಂದು ಜೋಡಣೆಯ ತುಂಡನ್ನು ತರಿಸಿದ, ಅದು ಸೇರಲಿಲ್ಲ. ಇನ್ನೊಂದನ್ನು ತರಿಸಲಿಲ್ಲ. ಆ ಕಿಂಡಿಯ ಹಳೆಯ ಯಂತ್ರ ಯಾರ ಬಳಿ ಇದ್ದೀತೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಪುಸ್ತಕದ ಪುಟ ಜೋಡಿಸಲು ಅಂಥದ್ದನ್ನು ಬಳಸುತ್ತಿದ್ದವರು ಊರಿಗೆಲ್ಲ ಆ ಪ್ರೆಸ್ಸಿನ ಯಜಮಾನರೊಬ್ಬರೇ. ಅಲ್ಲಿಗೆ ಹೋಗಿ ಕೇಳುವುದೆಂದರೆ ಹಿಂಬಾಗಿಲನ್ನು ಕೇಳಿದಂತೆಯೇ. ಅದೊಂದನ್ನು ಬಿಟ್ಟು ಉಳಿದ ದಾರಿಗಳನ್ನೆಲ್ಲ ಯೋಚಿಸುತ್ತ ಮೂರು ವರ್ಷ ಕಳೆದ.

ಭಾವ ಒತ್ತಾಯ ಮಾಡುವವರಲ್ಲ. "ಏನಯ್ಯ, ನಿನ್ನ ಕುದುರೆಗೆ ಲಾಯ ಸಿಕ್ಕಿತೇ?" ಎಂದು ನಗುತ್ತಿದ್ದರು. ಅಕ್ಕ ಮಾತ್ರ ಬಿಡುತ್ತಿರಲಿಲ್ಲ. "ಊರಿನೋರ ಕಂಪ್ಯೂಟರೆಲ್ಲ ನೆಟ್ಟಗಾಗುತ್ತೆ, ಭಾವಂದು ಅಂದ್ರೆ ಮಾತ್ರ ನಿನಗೆ ಮುಂದಿನ ವಾರ. ನಿನ್ನ ಕ್ಯಾಲೆಂಡರಿನಲ್ಲಿ ಆ ವಾರ ಅಚ್ಚೇ ಆಗಿಲ್ವೇನೋ!"

ಒಂದು ಮಧ್ಯಾಹ್ನ ಅದೇ ಅಕ್ಕ ಬೈಯದೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತಳು. ಭಾವನಿಗೆ ಸಕ್ಕರೆ ಕಾಯಿಲೆ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಅದು ಕಣ್ಣಿನ ಹಿಂದಿನ ಪರದೆಯವರೆಗೆ ಹೋದದ್ದು ತಡವಾಗಿ ತಿಳಿಯಿತಂತೆ. "ಬಲಗಣ್ಣು ಹೋಯ್ತು ಕಣೋ. ಎಡಗಣ್ಣಿಗೆ ಇನ್ನು ಕೆಲವು ವಾರ ಅಂದ್ರು ಡಾಕ್ಟರು. ನಿನಗೆ ಹೇಳಬೇಡ ಅಂದಿದ್ರು. ಪೆಟ್ಟಿಗೆಯ ವಿಷಯಕ್ಕೆ ನೀನು ನೊಂದ್ಕೋತೀಯ ಅಂತ."

ವಯರಣ್ಣ ಪ್ರೆಸ್ಸಿಗೆ ಹೋದದ್ದು ಅದರ ಮರುದಿನವೂ ಅಲ್ಲ. ಇನ್ನೊಂದು ಜೋಡಣೆಯ ತುಂಡಿಗೆ ಹೇಳಿಕಳಿಸಿ ಹನ್ನೆರಡು ದಿನ ಕಾದ. ಅದೂ ಸೇರಲಿಲ್ಲ. ಹದಿಮೂರನೆಯ ದಿನ ಪೆಟ್ಟಿಗೆಯನ್ನು ಟವಲಿನಲ್ಲಿ ಸುತ್ತಿಕೊಂಡು ಹೊರಟ. ನಡೆದರೆ ಕಾಲು ಗಂಟೆಯ ದಾರಿ. ಯಜಮಾನರು ಕನ್ನಡಕವನ್ನು ಹಣೆಗೇರಿಸಿ ಅವನನ್ನೂ ಟವಲಿನ ಗಂಟನ್ನೂ ನೋಡಿದರು; ಬಾಯಿಬಿಟ್ಟು ಕೇಳುವ ಕಷ್ಟವನ್ನು ಅವನಿಗೆ ಕೊಡಲಿಲ್ಲ. ಕಾಗದದ ರಾಶಿಯ ಹಿಂದೆ ಬಟ್ಟೆ ಹೊದಿಸಿಟ್ಟ ಹಳೆಯ ಯಂತ್ರವೊಂದಿತ್ತು.

"ಹಾಕು," ಎಂದರು.

ಕಿಂಡಿಗೆ ವಯರು ಸೇರಿತು. ಪೆಟ್ಟಿಗೆ ಗುರ್ರೆಂದಿತು. ಕೈಗಳು ಸಾಲುಸಾಲಾಗಿ ತೆರೆದುಕೊಂಡವು.

"ಮೂರು ವರ್ಷದಿಂದ ಹುಡುಕ್ತಿದ್ಯಂತೆ. ಕೇಳಿದ್ರೆ ಅವತ್ತೇ ಕೊಡ್ತಿದ್ನಲ್ಲೋ ಮಾರಾಯ," ಎಂದರು ಯಜಮಾನರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಚಿತ್ರಗಳನ್ನೆಲ್ಲ ಹೊಸ ಡಿಸ್ಕಿಗೆ ಇಳಿಸಿಕೊಂಡು ಸ್ಟುಡಿಯೋಗೆ ಹೋದಾಗ ಭಾನುವಾರದ ಬೆಳಿಗ್ಗೆ. ಭಾವ ಬಾಗಿಲ ಕಡೆ ಮುಖ ತಿರುಗಿಸಿದರು. ಆದರೆ ನೋಟ ಅವನ ಭುಜದಾಚೆ ಎಲ್ಲಿಯೋ ಇತ್ತು. ಎಡಗಣ್ಣೂ ಹೋಗಿ ನಾಲ್ಕು ದಿನವಾಗಿತ್ತು. ಬೆಳಕೋ ನೆರಳೋ ಎಂಬುದಷ್ಟೇ ತಿಳಿಯುತ್ತಿತ್ತು.

"ಸಿಕ್ಕಿತು ಭಾವ," ಎಂದು ಡಿಸ್ಕನ್ನು ಅವರ ಕೈಗಿಟ್ಟ.

ಭಾವ ಅದನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಪಕ್ಕದ ಕುರ್ಚಿಯನ್ನು ತಟ್ಟಿದರು. "ಕೂತ್ಕೋ. ನಲವತ್ತು ಆರಿಸ್ಬೇಕು. ನೀನು ಹೇಳ್ತಾ ಹೋಗು."

"ಕ್ಷೌರದವನ ಕೈ, ಭಾವ. ಕತ್ತರಿ ಹಿಡಿದಿದ್ದಾನೆ."

"ಬೆಳಕು ಯಾವ ಕಡೆಯಿಂದ ಬಿದ್ದಿದೆ?"

ವಯರಣ್ಣ ತಬ್ಬಿಬ್ಬಾದ. ಇಷ್ಟು ವರ್ಷದಲ್ಲಿ ಅವನು ಬೆಳಕು ಬೀಳುವ ದಿಕ್ಕನ್ನು ನೋಡಿದವನೇ ಅಲ್ಲ. ಪರದೆಯ ಹತ್ತಿರಕ್ಕೆ ಬಗ್ಗಿದ. "ಎಡದಿಂದ… ಅಲ್ಲ, ಹಿಂದಿನಿಂದ. ಬೆರಳಿನ ಅಂಚು ಮಾತ್ರ ಹೊಳೀತಿದೆ."

"ಹಾಂ. ಅದನ್ನ ಇಟ್ಕೋ. ಮುಂದೆ?"

ಮಧ್ಯಾಹ್ನವಾಗುವ ಹೊತ್ತಿಗೆ ಹನ್ನೊಂದು ಚಿತ್ರಗಳಾಗಿದ್ದವು. ಹನ್ನೆರಡನೆಯದಕ್ಕೆ ಹುಡುಕುತ್ತಿದ್ದಾಗ ಅವನ ಬೆರಳು ನಿಂತಿತು. ಗೋಡೆಯ ತುಂಬ ವಯರುಗಳು, ಮುಂದೆ ಒಂದು ಕಪ್ಪು ಪೆಟ್ಟಿಗೆ, ಅದರ ಒಂದೇ ಕಿಂಡಿಗೆ ವಯರು ಸಿಕ್ಕಿಸುತ್ತಿರುವ ಎರಡು ಕೈ. ಕೊಂಡ ದಿನವೇ ತೆಗೆದದ್ದು.

"ಯಾಕೆ ನಿಂತೆ? ಯಾರ ಕೈ?"

"ಯಾರೋ… ಅಂಗಡಿಯವನದ್ದು, ಭಾವ. ಚೆನ್ನಾಗಿ ಬಂದಿಲ್ಲ. ಅಲುಗಿದೆ."

"ಅಲುಗಿದ್ದು ಕ್ಯಾಮೆರಾ ಅಲ್ಲ, ಕೈ," ಎಂದರು ಭಾವ. "ಅವತ್ತು ನಿನಗೆ ಒಂದು ನಿಮಿಷ ಕೈ ನಿಲ್ಲಿಸೋಕೆ ಪುರುಸೊತ್ತಿರಲಿಲ್ಲ. ಬೆಳಕು ಬಾಗಿಲ ಕಡೆಯಿಂದ, ಅಲ್ವಾ? ಒಂದು ಪಕ್ಕದಲ್ಲಿ ಪ್ರೆಸ್ಸಿನವರ ನೆರಳು ಬಿದ್ದಿರಬೇಕು."

ವಯರಣ್ಣ ನೋಡಿದ. ಚಿತ್ರದ ಅಂಚಿನಲ್ಲಿ ಕೀಬೋರ್ಡ್ ಕಂಕುಳಲ್ಲಿರುಕಿ ಹೊರಟವರೊಬ್ಬರ ನೆರಳಿತ್ತು.

"ಇದೆ, ಭಾವ."

"ಹಾಗಾದ್ರೆ ಅದೂ ಇರಲಿ. ಹನ್ನೆರಡು," ಎಂದರು ಭಾವ. "ಮುಂದಿನದು ಹೇಳು. ನಿಧಾನಕ್ಕೆ ಹೇಳು."

ಅವನು ಕಣ್ಣೊರೆಸಿಕೊಂಡು, ಮುಂದಿನ ಚಿತ್ರದಲ್ಲಿ ಬೆಳಕೆಲ್ಲಿದೆಯೆಂದು ಹುಡುಕತೊಡಗಿದ.